ನುಂಗಿದ ಮೇಲೆ ನಮ್ಮ ಕೈಲೇನಿಲ್ಲ

ಐದು ನಿಮಿಷ ನಲವತ್ತು ಸೆಕೆಂಡ್. ಒಂದು ತಟ್ಟೆ ಊಟ ಖಾಲಿ ಮಾಡೋಕೆ ನಾನು ತಗೊಂಡ ಟೈಮು ಅದು. ನಮ್ಮಕ್ಕ ಎದುರಿಗೆ ಕೂತು ನನಗೆ ಗೊತ್ತಾಗದ ಹಾಗೆ ಮೊಬೈಲಲ್ಲಿ ಸ್ಟಾಪ್‌ವಾಚ್ ಆನ್ ಮಾಡಿಟ್ಟಿದ್ಲು, ಕೈ ತೊಳ್ಕೊಂಡು ಬಂದ ಮೇಲೆ ತೋರಿಸಿ "ಲೋ, ನೀನು ಊಟ ಮಾಡ್ತಿದ್ಯೋ ಮೂಟೆ ತುಂಬ್ತಿದ್ಯೋ" ಅಂದ್ಲು. ಅದಕ್ಕೆ ಕಾರಣ ಇತ್ತು. ನಾಲ್ಕು ತಿಂಗಳಿಂದ ನನಗೆ ಎದೆಯುರಿ, ಹುಳಿತೇಗು, ಊಟ ಆದ್ರೆ ಸಾಕು ಹೊಟ್ಟೆ ಉಬ್ಬರ. ಡಾಕ್ಟ್ರು ಏನೇನು ತಿಂತೀರಾ ಅಂತ ಕೇಳ್ತಾರೆ ಅಂದ್ಕೊಂಡು ದೊಡ್ಡ ಪಟ್ಟಿನೇ ರೆಡಿ ಮಾಡ್ಕೊಂಡು ಹೋಗಿದ್ದೆ, ಅವರು ಅದನ್ನ ಒಂದ್ಸಲ ನೋಡಿ ಪಕ್ಕಕ್ಕಿಟ್ಟು "ಎಷ್ಟು ಹೊತ್ತಲ್ಲಿ ತಿಂತೀರಾ, ತಿಂದು ಎಷ್ಟು ಹೊತ್ತಿಗೆ ಮಲಗ್ತೀರಾ" ಅಂತ ಎರಡೇ ಪ್ರಶ್ನೆ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಕೂತು ಓದೋಕೆ ಶುರು ಮಾಡಿದೆ. ನಾವೆಲ್ಲ ಏನು ತಿನ್ಬೇಕು ಅನ್ನೋದರ ಮೇಲೆ ಎಷ್ಟು ಜಗಳ ಆಡ್ತೀವಿ, ಕಾರ್ಬ್ ಕೆಟ್ಟದ್ದು, ಇಲ್ಲ ಇಲ್ಲ ಫ್ಯಾಟ್ ಕೆಟ್ಟದ್ದು, ರಾತ್ರಿ ಹಣ್ಣು ತಿನ್ಬಾರ್ದು, ಊಟದ ಮಧ್ಯೆ ನೀರು ಕುಡೀಬಾರ್ದು ಅಂತ, ಆದ್ರೆ ತಿಂದ ತುತ್ತು ಒಳಗಡೆ ಏನಾಗತ್ತೆ ಅಂತ ಕೇಳಿದ್ರೆ ಸ್ಕೂಲಲ್ಲಿ ಬಿಡಿಸಿದ್ದ ಚಿತ್ರ ಮಸುಕುಮಸುಕಾಗಿ ನೆನಪಾಗತ್ತೆ ಅಷ್ಟೇ. ನನಗೆ ಎಲ್ಲಕ್ಕಿಂತ ತಮಾಷೆ ಅನ್ಸಿದ್ದು ಏನಂದ್ರೆ ಇಷ್ಟುದ್ದದ ಆ ದಾರೀಲಿ ನಮ್ಮ ಮಾತು ಕೇಳೋದು ಎರಡೇ ತುದಿ. ಬಾಯಿ, ಮತ್ತೆ ಕೊನೇ ಬಾಗಿಲು. ನುಂಗೋ ತನಕ ಎಲ್ಲ ನಮ್ಮಿಷ್ಟ, ಗಂಟಲು ದಾಟಿತು ಅಂದ್ರೆ ಟಾಯ್ಲೆಟ್ಟಿಗೆ ಹೋಗೋ ತನಕ ನಮ್ಮನ್ನ ಯಾರೂ ಕೇಳೋದೇ ಇಲ್ಲ. ಅಂಥದ್ರಲ್ಲಿ ನಮ್ಮ ಕೈಲಿರೋ ಆ ಒಂದು ಕೆಲಸಾನ ನಾನು ಐದೂಮುಕ್ಕಾಲು ನಿಮಿಷದಲ್ಲಿ ಮುಗಿಸ್ತಿದ್ದೆ.

ಬಾಯಲ್ಲಿ ಏನಾಗತ್ತೆ ಅಂತ ನೋಡೋಕೆ ಒಂದು ತುಂಡು ಸಪ್ಪೆ ಬ್ರೆಡ್ ತಗೊಂಡು ನುಂಗದೆ ಒಂದೆರಡು ನಿಮಿಷ ಅಗೀತಾನೇ ಇರಿ, ನಿಧಾನಕ್ಕೆ ಸಿಹಿ ಬರತ್ತೆ. ಎಂಜಲಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನ ಅಲ್ಲೇ ಸಕ್ಕರೆಯಾಗಿ ಒಡೆಯೋಕೆ ಶುರು ಮಾಡಿರತ್ತೆ. ಅಂದ್ರೆ ಜೀರ್ಣಕ್ರಿಯೆ ಹೊಟ್ಟೇಲಿ ಅಲ್ಲ, ನಾಲಿಗೆ ಮೇಲೇ ಶುರು. ದಿನಕ್ಕೆ ಹತ್ತಿರ ಹತ್ತಿರ 1 ರಿಂದ 1.5 ಲೀಟರ್ ಎಂಜಲು ತಯಾರಾಗತ್ತಂತೆ, ನನ್ನಂಥವನು ಅದಕ್ಕೆ ಕೆಲಸ ಮಾಡೋಕೆ ಟೈಮೇ ಕೊಡ್ತಿರ್ಲಿಲ್ಲ. ಇನ್ನೊಂದು, ಹಲ್ಲು ಇರೋದು ಬಾಯಲ್ಲಿ ಮಾತ್ರ, ಹೊಟ್ಟೇಲಿ ಇಲ್ಲ. ಇಲ್ಲಿ ಅಗೀದೆ ಬಿಟ್ಟಿದ್ದನ್ನ ಅಲ್ಲಿ ಕಿವುಚಿ ಕಿವುಚಿ ಹಿಟ್ಟು ಮಾಡ್ಬೇಕು.

ನುಂಗಿದ ಮೇಲೆ ಸುಮಾರು 25 ಸೆಂಟಿಮೀಟರ್ ಅನ್ನನಾಳ. ತುತ್ತು ಅಲ್ಲಿ ಬಿದ್ದುಹೋಗತ್ತೆ ಅಂತ ನಾನು ಅಂದ್ಕೊಂಡಿದ್ದೆ, ಹಾಗಲ್ಲ, ಸ್ನಾಯುಗಳು ಹಿಂದಿಂದ ಹಿಂಡ್ತಾ ಹಿಂಡ್ತಾ ತಳ್ಕೊಂಡು ಹೋಗ್ತವೆ, ತಲೆಕೆಳಗಾಗಿ ನಿಂತ್ರೂ ಊಟ ಹೊಟ್ಟೆಗೇ ಹೋಗತ್ತೆ (ಟ್ರೈ ಮಾಡ್ಬೇಡಿ). ಕೊನೇಲಿ ಒಂದು ಬಿಗಿ ಉಂಗುರದ ಥರ ಸ್ನಾಯು ಇದೆ, ಊಟ ಒಳಗೆ ಬಿಟ್ಟು ಬಾಗಿಲು ಹಾಕ್ಕೊಳತ್ತೆ. ಗಬಗಬ ತಿಂದು ಹೊಟ್ಟೆ ಬಿರಿಯೋ ಹಾಗೆ ತುಂಬಿಸ್ಕೊಂಡು ತಕ್ಷಣ ಅಡ್ಡಾದ್ರೆ ಆ ಬಾಗಿಲ ಮೇಲೆ ಒತ್ತಡ ಬಿದ್ದು ಆಸಿಡ್ ಮೇಲಕ್ಕೆ ನುಗ್ಗತ್ತೆ, ಅನ್ನನಾಳಕ್ಕೆ ಜಠರಕ್ಕಿರೋ ರಕ್ಷಣೆ ಇಲ್ಲ, ಉರಿ ಶುರು. ಡಾಕ್ಟ್ರ ಎರಡನೇ ಪ್ರಶ್ನೆ ಯಾಕೆ ಅಂತ ಆಗ ಹೊಳೀತು. ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆ ಗ್ಯಾಪ್ ಇರ್ಲಿ ಅನ್ನೋದು ಅದಕ್ಕೇ.

ಜಠರದ ಕಥೆ ನನಗೆ ತುಂಬಾ ಇಷ್ಟ. ಅಲ್ಲಿರೋದು ಹೈಡ್ರೋಕ್ಲೋರಿಕ್ ಆಸಿಡ್, ಪಿಎಚ್ (ಹುಳಿ ಅಳೆಯೋ ಲೆಕ್ಕ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 1.5 ರಿಂದ 3.5, ಹೆಚ್ಚುಕಮ್ಮಿ ನಿಂಬೆರಸಕ್ಕೆ ಸಮ ಅಥವಾ ಅದಕ್ಕಿಂತ ಹುಳಿ, ಜೊತೆಗೆ ಪ್ರೋಟೀನ್ ಕತ್ತರಿಸೋ ಪೆಪ್ಸಿನ್. ಮಾಂಸ ಕರಗಿಸೋ ಇದು ಜಠರವನ್ನೇ ಯಾಕೆ ಕರಗಿಸಲ್ಲ ಅಂದ್ರೆ ಒಳಗಡೆ ದಪ್ಪ ಲೋಳೆಯ ಪದರ ಇದೆ, ಅದರಡಿಯ ಜೀವಕೋಶಗಳು ಕೆಲವೇ ದಿನಕ್ಕೊಮ್ಮೆ ಹೊಸದಾಗ್ತಾ ಇರ್ತವೆ. ಇದೆಲ್ಲ ಗೊತ್ತಾಗೋಕೆ ಒಬ್ಬ ಬಡಪಾಯಿಯ ಹೊಟ್ಟೆಗೆ ಗುಂಡು ಬೀಳ್ಬೇಕಾಯ್ತು. 1822 ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ಯುವಕನಿಗೆ ಹತ್ತಿರದಿಂದಲೇ ಬಂದೂಕು ಸಿಡಿದು ಹೊಟ್ಟೆಗೆ ತೂತಾಯ್ತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಚಿಕಿತ್ಸೆ ಮಾಡಿದ, ಬದುಕಲ್ಲ ಅಂದ್ಕೊಂಡಿದ್ದ ಹುಡುಗ ಬದುಕಿದ, ಆದ್ರೆ ತೂತು ಮುಚ್ಚಲೇ ಇಲ್ಲ. ಬೋಮಾಂಟ್ ಏನು ಮಾಡಿದ ಗೊತ್ತಾ, ಮಾಂಸದ ಚೂರು, ಬ್ರೆಡ್ಡು, ಕೋಸು ಎಲ್ಲ ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಬಿಟ್ಟು ಗಂಟೆಗೊಂದ್ಸಲ ಎಳೆದು ನೋಡ್ತಿದ್ದ, ಎಷ್ಟು ಕರಗಿದೆ ಅಂತ! ಬರೀ ಹಿಸುಕೋದಲ್ಲ, ರಸವೇ ಆಹಾರವನ್ನ ಕರಗಿಸತ್ತೆ ಅಂತ ತೋರಿಸಿ 1833 ರಲ್ಲಿ ಎಲ್ಲ ಪ್ರಕಟಿಸಿದ. ಮಾರ್ಟಿನ್ ಸಿಟ್ಟಲ್ಲಿದ್ದಾಗ ಜೀರ್ಣ ಕೆಡತ್ತೆ ಅಂತಾನೂ ಬರೆದಿಟ್ಟಿದ್ದಾನೆ. ಹೊಟ್ಟೆಗೆ ದಾರ ಬಿಟ್ಟು ಎಳೀತಿದ್ರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ. 1853 ರಲ್ಲಿ ಡಾಕ್ಟ್ರು ತೀರ್ಕೊಂಡ್ರು, ಪೇಷಂಟು 1880 ರವರೆಗೂ ಬದುಕಿದ್ದ.

ಖಾರ, ಟೆನ್ಷನ್ನು, ಇವೇ ಹೊಟ್ಟೆ ಹುಣ್ಣಿಗೆ ಕಾರಣ ಅಂತ ಬಹಳ ವರ್ಷ ನಂಬಿದ್ರು. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್, ಹುಣ್ಣಿನ ಹಿಂದೆ ಇರೋದು ಬ್ಯಾಕ್ಟೀರಿಯಾ ಅಂತ ತೋರಿಸೋಕೆ, 1984 ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇರೋ ದ್ರಾವಣವನ್ನ ತಾನೇ ಗಟಗಟ ಕುಡಿದು ಹೊಟ್ಟೆ ಉರಿಯೂತ ತರಿಸ್ಕೊಂಡು ತೋರಿಸಿದ, 2005 ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಹಾಗಾಗಿ ಹೊಟ್ಟೆ ನೋವು ತಿಂಗಳುಗಟ್ಟಲೆ ಇದ್ರೆ ಮನೆಮದ್ದು ಅಂತ ಕೂರದೆ ಟೆಸ್ಟ್ ಮಾಡಿಸಿ. ನೋವು ಮಾತ್ರೆಗಳನ್ನ ಸಿಕ್ಕಾಪಟ್ಟೆ ನುಂಗಿದ್ರೂ ಹುಣ್ಣಾಗತ್ತೆ, ಅದನ್ನೂ ನೆನಪಲ್ಲಿಡಿ.

ಜಠರ ಖಾಲಿ ಆಗೋಕೆ ಎರಡರಿಂದ ನಾಲ್ಕು ಗಂಟೆ. ಕೊಬ್ಬು ಜಾಸ್ತಿ ಇದ್ರೆ ಇನ್ನೂ ನಿಧಾನ, ಅದಕ್ಕೇ ಕರಿದಿದ್ದು ತಿಂದ್ರೆ ಸಂಜೆವರೆಗೂ ಹೊಟ್ಟೆ ಭಾರ. ಸಿಹಿ ಡ್ರಿಂಕ್ಸ್ ಅದರ ಉಲ್ಟಾ, ಅಗಿಯೋ ಹಾಗಿಲ್ಲ, ಒಡೆಯೋ ಕೆಲಸ ಇಲ್ಲ, ಸರ್ರನೆ ಇಳಿದು ರಕ್ತಕ್ಕೆ ಸೇರ್ಕೊಳತ್ತೆ. 330 ಮಿಲಿ ಕೋಲಾ ಕ್ಯಾನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರತ್ತೆ, ಎಂಟು ಒಂಬತ್ತು ಟೀ ಚಮಚ. ಅಷ್ಟು ಸಕ್ಕರೆ ಬಾಯಿಗೆ ಸುರ್ಕೊಳ್ಳಿ ಅಂದ್ರೆ ಯಾರೂ ಸುರ್ಕೊಳ್ಳಲ್ಲ, ಕುಡೀರಿ ಅಂದ್ರೆ ಕುಡೀತೀವಿ. ಇನ್ನು ಹೊಟ್ಟೆ ತುಂಬಿತು ಅನ್ನೋ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟೋಕೆ ಹೆಚ್ಚುಕಮ್ಮಿ 20 ನಿಮಿಷ ಬೇಕು ಅಂತಾರೆ, ಕರುಳಿಂದ ಹಾರ್ಮೋನು ಹೊರಡ್ಬೇಕಲ್ಲ. ನನ್ನ ಊಟ ಆರು ನಿಮಿಷದೊಳಗೇ ಮುಗೀತಿತ್ತು, ಸುದ್ದಿ ಬರೋ ಅಷ್ಟರಲ್ಲಿ ನಾನು ಎರಡನೇ ಸಲ ಬಡಿಸ್ಕೊಂಡು ಅದನ್ನೂ ಮುಗಿಸಿರ್ತಿದ್ದೆ.

ನಿಜವಾದ ಕೆಲಸ ನಡೆಯೋದು ಸಣ್ಣ ಕರುಳಲ್ಲಿ. ಹೆಸರಿಗೆ ಸಣ್ಣದು, ಉದ್ದ ಆರು ಮೀಟರ್ ಹತ್ರ. ಮೇದೋಜೀರಕ ಗ್ರಂಥಿಯಿಂದ ಕ್ಷಾರ ಬಂದು ಆಸಿಡ್ ತಣ್ಣಗೆ ಮಾಡತ್ತೆ, ಲಿವರ್ ತಯಾರಿಸಿದ ಪಿತ್ತರಸ ಜಿಡ್ಡನ್ನ ಸೋಪಿನ ಥರ ಸಣ್ಣ ಸಣ್ಣ ಹನಿ ಮಾಡತ್ತೆ. ಪ್ರೋಟೀನು ಅಮೈನೋ ಆಮ್ಲ ಆಗತ್ತೆ, ಪಿಷ್ಟ ಗ್ಲೂಕೋಸ್ ಆಗತ್ತೆ, ಒಳಗಿನ ಲಕ್ಷಾಂತರ ಸಣ್ಣ ಬೆರಳಿನಂಥ ಮಡಿಕೆಗಳು ಎಲ್ಲ ಹೀರ್ಕೊಳತ್ತೆ. ಈ ಹೀರೋ ಮೇಲ್ಮೈ ಒಂದು ಟೆನಿಸ್ ಕೋರ್ಟಿನಷ್ಟು ಅಂತ ಪುಸ್ತಕಗಳು ಹೇಳ್ತಿದ್ವು, 2014 ರಲ್ಲಿ ಮತ್ತೆ ಅಳೆದು ನೋಡಿದ್ರೆ ಅರ್ಧ ಬ್ಯಾಡ್ಮಿಂಟನ್ ಕೋರ್ಟಿನಷ್ಟೇ ಅಂತ ಲೆಕ್ಕ ಬಂತು. ಅದೇನು ಕಮ್ಮಿನಾ?

ಇಲ್ಲಿಗೆ ಬಂದಾಗ ತಟ್ಟೇಲಿ ಯಾವುದರ ಜೊತೆ ಯಾವುದಿದೆ ಅನ್ನೋದೂ ಮುಖ್ಯ. ಸೊಪ್ಪು ಕಾಳಿನಲ್ಲಿರೋ ಕಬ್ಬಿಣಾಂಶ ಕಷ್ಟಪಟ್ಟು ಹೀರಿಕೆ ಆಗತ್ತೆ, ನಿಂಬೆ ಥರದ್ದು ಏನಾದ್ರೂ ಜೊತೆಗಿದ್ರೆ ಸಿ ವಿಟಮಿನ್ ಸಹಾಯ ಮಾಡತ್ತೆ, ಊಟದ ಜೊತೆಗೇ ಟೀ ಕಾಫಿ ಕುಡಿದ್ರೆ ಅಡ್ಡಗಾಲು. ಎ, ಡಿ, ಇ, ಕೆ ವಿಟಮಿನ್‌ಗಳಿಗೆ ಸ್ವಲ್ಪ ಜಿಡ್ಡು ಬೇಕೇ ಬೇಕು, ಹಾಗಾಗಿ ಎಣ್ಣೆ ಮುಟ್ಟಲ್ಲ ಅಂತ ಹಸಿ ಕ್ಯಾರೆಟ್ ಕಡೀತಿದ್ದ ನನ್ನ ಒಂದು ವರ್ಷದ ತಪಸ್ಸು ಅರ್ಧ ದಂಡ. ಜಿಡ್ಡು ಗ್ರಾಂಗೆ 9 ಕ್ಯಾಲೊರಿ, ಪ್ರೋಟೀನು ಪಿಷ್ಟ 4, ಅದಕ್ಕೇ ಅಳತೆ ಬೇಕು, ಬಹಿಷ್ಕಾರ ಬೇಡ. ಅಮೈನೋ ಆಮ್ಲಗಳಲ್ಲಿ, ಧಾನ್ಯದಲ್ಲಿ ಕಮ್ಮಿ ಇರೋ ಲೈಸಿನ್ ಬೇಳೆಕಾಳಲ್ಲಿದೆ, ಕಾಳಲ್ಲಿ ಕಮ್ಮಿ ಇರೋ ಮೆಥಿಯೋನಿನ್ ಧಾನ್ಯದಲ್ಲಿದೆ, ಎರಡೂ ತಿಂತಾ ಇದ್ರೆ ಒಂದರ ಕೊರತೆ ಇನ್ನೊಂದು ತುಂಬತ್ತೆ. ಪೂರ್ತಿ ಸಸ್ಯಾಹಾರ, ಹಾಲು ಮೊಟ್ಟೆನೂ ಇಲ್ಲ ಅನ್ನೋರು ಮಾತ್ರ ಬಿ12 ವಿಷಯದಲ್ಲಿ ಹುಷಾರು, ಅದು ಸೊಪ್ಪು ತರಕಾರೀಲಿ ಸಿಗಲ್ಲ.

ದೊಡ್ಡ ಕರುಳನ್ನ ನಾನು ಬರೀ ಕಸದ ಡಬ್ಬಿ ಅಂದ್ಕೊಂಡಿದ್ದೆ. ದಿನಕ್ಕೆ ಸಣ್ಣದು ದೊಡ್ಡದು ಎರಡೂ ಕರುಳು ಸೇರಿ ಸುಮಾರು 9 ಲೀಟರ್ ದ್ರವ ಬರತ್ತೆ, ಕುಡಿದಿದ್ದು ಎರಡು, ಮಿಕ್ಕಿದ್ದು ದೇಹದ್ದೇ ರಸಗಳು, ಅದರಲ್ಲಿ ಹೊರಗೆ ಹೋಗೋದು 100-200 ಮಿಲಿ ಅಷ್ಟೇ, ಮಿಕ್ಕಿದ್ದೆಲ್ಲ ವಾಪಸ್. ನಮಗೆ ಜೀರ್ಣ ಆಗದ ನಾರನ್ನ ಇಲ್ಲಿನ ಬ್ಯಾಕ್ಟೀರಿಯಾ ತಿಂದು ಬ್ಯುಟಿರೇಟ್ ಅಂತ ಒಂದು ಆಮ್ಲ ಕೊಡತ್ತೆ, ಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಊಟ. ಅಂದ್ರೆ ಹಣ್ಣಿನ ಸಿಪ್ಪೆ, ಕಾಳು, ತರಕಾರಿ ತಿಂದ್ರೆ ನಾವು ಬೇರೆಯವರಿಗೂ ಊಟ ಹಾಕ್ತಿದೀವಿ, ಅವರು ಬಾಡಿಗೆ ಕಟ್ತಾರೆ. ಒಂದೇ ದಿನ ಜಾಸ್ತಿ ನಾರು ತಿಂದು ಗ್ಯಾಸ್ ಆಗಿ ಒದ್ದಾಡ್ಬೇಡಿ, ನಿಧಾನಕ್ಕೆ ಏರಿಸಿ, ನೀರು ಕುಡೀರಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಷ್ಟೇ: ದಿನಕ್ಕೆ ಕಮ್ಮಿ ಅಂದ್ರೂ 400 ಗ್ರಾಂ ಹಣ್ಣು ತರಕಾರಿ, ಉಪ್ಪು 5 ಗ್ರಾಂ ಒಳಗೆ ಅಂದ್ರೆ ಒಂದು ಟೀ ಚಮಚ, ಮೇಲಿಂದ ಸೇರಿಸೋ ಸಕ್ಕರೆ ಒಟ್ಟು ಶಕ್ತಿಯ ಶೇ. 10 ರ ಒಳಗೆ, ಜೇನು, ಜ್ಯೂಸು ಕೂಡ ಅದೇ ಲೆಕ್ಕಕ್ಕೆ. ಏನೇನು ಎಷ್ಟು ತಿನ್ಬೇಕು ಅಂತ ತೋರಿಸೋಕೆ ಅಮೆರಿಕದವರು 1992 ರಲ್ಲಿ ಒಂದು ಪಿರಮಿಡ್ ಚಿತ್ರ ತಂದಿದ್ರು, 2005 ರಲ್ಲಿ ಅದನ್ನ ಬದಲಾಯಿಸಿದ್ರು, 2011 ರಲ್ಲಿ ಪಿರಮಿಡ್ಡನ್ನೇ ಬಿಟ್ಟು ಒಂದು ತಟ್ಟೆ ಚಿತ್ರ ತಂದ್ರು, ಅರ್ಧ ತಟ್ಟೆ ಹಣ್ಣು ತರಕಾರಿ. ಗ್ರಾಂ ಲೆಕ್ಕ ಮರೆತ್ರೂ ಅರ್ಧ ತಟ್ಟೆ ಮರೆಯಲ್ಲ, ನಾನು ಅದನ್ನೇ ಇಟ್ಕೊಂಡಿದೀನಿ.

ಹಾಂ, ಡಿಟಾಕ್ಸ್ ಬಗ್ಗೆ ಹೇಳ್ಲೇಬೇಕು. ಎದೆಯುರಿ ಶುರುವಾದ ಹೊಸದರಲ್ಲಿ ಮೂರು ದಿನ ಬರೀ ಜ್ಯೂಸ್ ಕುಡಿದು ಕರುಳು ತೊಳೀತೀನಿ ಅಂತ ಹೊರಟಿದ್ದೆ. ತಲೆನೋವು, ಸಿಟ್ಟು, ಮೂರನೇ ದಿನ ರಾತ್ರಿ ಅಡುಗೆಮನೇಲಿ ಕಳ್ಳನ ಥರ ನಿಂತು ತಿಂದಿದ್ದು, ಇಷ್ಟೇ ಸಿಕ್ಕಿದ್ದು. ಲಿವರ್ ಕಿಡ್ನಿ ಅದೇ ಕೆಲಸ ದಿನಾ ಪುಕ್ಕಟೆ ಮಾಡ್ತಿವೆ. ಕರುಳು ಕೂಡ ತನ್ನನ್ನ ತಾನೇ ಗುಡಿಸ್ಕೊಳತ್ತೆ, ಖಾಲಿ ಇದ್ದಾಗ ಒಂದೂವರೆ ಎರಡು ಗಂಟೆಗೊಮ್ಮೆ ಸ್ನಾಯುಗಳ ಒಂದು ಅಲೆ ಮೇಲಿಂದ ಕೆಳಗೆ ಹೋಗಿ ಉಳಿದ ಚೂರುಪಾರು ತಳ್ಳತ್ತೆ, ಮೀಟಿಂಗಲ್ಲಿ ಎಲ್ಲರೂ ಸುಮ್ಮನಿದ್ದಾಗ ಹೊಟ್ಟೆ ಗುರ್ರ್ ಅನ್ನೋದು ಎಷ್ಟೋ ಸಲ ಆ ಕಸ ಗುಡಿಸೋ ಸದ್ದೇ. ನಡುನಡುವೆ ಏನಾದ್ರೂ ಬಾಯಾಡಿಸ್ತಾನೇ ಇದ್ರೆ ಅದು ನಿಂತೋಗತ್ತೆ. "ಊಟ ಬಲ್ಲವನಿಗೆ ರೋಗವಿಲ್ಲ" ಅಂತಾರಲ್ಲ, ಊಟ ಬಿಟ್ಟವನಿಗೆ ಅಂತ ಎಲ್ಲೂ ಹೇಳಿಲ್ಲ ನೋಡಿ.

ಈಗ ಎದೆಯುರಿ ತುಂಬಾ ಕಮ್ಮಿ, ಮಾತ್ರೆ ಕೋರ್ಸೂ ಮುಗೀತು, ಮಾತ್ರೆಯಿಂದ ಎಷ್ಟು ಅಗಿದಿದ್ದರಿಂದ ಎಷ್ಟು ಅಂತ ಬೇರೆ ಮಾಡಿ ಹೇಳೋಕಾಗಲ್ಲ. ಹೋದ ವಾರ ಅಕ್ಕ ಮತ್ತೆ ಸ್ಟಾಪ್‌ವಾಚ್ ಇಟ್ಲು, ಹತ್ತೊಂಬತ್ತು ನಿಮಿಷ. ಅಷ್ಟರಲ್ಲಿ ಅವಳ ತಟ್ಟೆ ತೊಳೆದು ಒರೆಸಿ ಒಳಗಿಟ್ಟಾಗಿತ್ತು, ಬಾಗಿಲಲ್ಲಿ ನಿಂತ್ಕೊಂಡು "ಬೇಗ ಮುಗ್ಸೋ ಮಾರಾಯ, ಪಾತ್ರೆ ತೊಳೆಯೋದು ಯಾವಾಗ" ಅಂತ ಬೈತಿದ್ಲು.