ಯಮ ಸೋತು "ಇನ್ನೊಂದಾಟ" ಅಂದಾಗ

ಬಿಲ್ ಮತ್ತು ಟೆಡ್ ಅನ್ನುವ ಇಬ್ಬರು ಪೆದ್ದ ಹುಡುಗರ ಸಿನಿಮಾಗಳ ಮಾತು ಬಂದರೆ ನಾನು ಎರಡನೆಯದರ ಪಕ್ಷ. ತುಂಬಾ ಜನಕ್ಕೆ ಮೊದಲನೆಯದೇ ಇಷ್ಟ, ಗೊತ್ತು. ನನಗೂ ಅದರ ಮೇಲೆ ಕೋಪವೇನಿಲ್ಲ. ಆದರೆ ಎರಡನೆಯದನ್ನು ನಾನು ಆರು ಸಲ ನೋಡಿದ್ದೇನೆ, ಮೊದಲನೆಯದನ್ನು ಎರಡೇ ಸಲ.

ಮೊದಲನೆಯದು ‘ಬಿಲ್ ಅಂಡ್ ಟೆಡ್ಸ್ ಎಕ್ಸಲೆಂಟ್ ಅಡ್ವೆಂಚರ್’, 1989ರದು. ಇತಿಹಾಸದಲ್ಲಿ ಫೇಲಾದರೆ ಟೆಡ್‌ನನ್ನು ಅವನಪ್ಪ ಅಲಾಸ್ಕಾದ ಮಿಲಿಟರಿ ಶಾಲೆಗೆ ಅಟ್ಟುತ್ತಾನೆ. ಆಗ ಒಂದು ಟೆಲಿಫೋನ್ ಬೂತ್ ಸಿಗುತ್ತದೆ, ಅದೇ ಟೈಮ್ ಮಷೀನು. ಹುಡುಗರು ಸಾಕ್ರಟಿಸ್, ಗೆಂಘಿಸ್ ಖಾನ್, ಬೀಥೋವನ್ ಎಲ್ಲರನ್ನೂ ಹಿಡಿದು ತರುತ್ತಾರೆ. ನೆಪೋಲಿಯನ್ ವಾಟರ್ ಪಾರ್ಕಿನಲ್ಲಿ ಜಾರುವುದು ನೋಡಿದರೆ ಈಗಲೂ ನಗು ಬರುತ್ತದೆ. ಆದರೆ ಒಂದು ಕಾಲಕ್ಕೆ ಹೋಗು, ಒಬ್ಬರನ್ನು ಎತ್ತಿಕೊಂಡು ಬಾ, ಮತ್ತೆ ಇನ್ನೊಂದು ಕಾಲಕ್ಕೆ ಹೋಗು. ನಾಲ್ಕನೆಯವರು ಬೂತಿನೊಳಗೆ ಬರುವ ಹೊತ್ತಿಗೆ ಮುಂದೇನು ಅಂತ ನನಗೇ ಗೊತ್ತಾಗಿತ್ತು.

ಎರಡನೆಯದು, ‘ಬಿಲ್ ಅಂಡ್ ಟೆಡ್ಸ್ ಬೋಗಸ್ ಜರ್ನಿ’, 1991ರಲ್ಲಿ ಬಂತು. ನಟರು ಅದೇ ಕೀಯಾನು ರೀವ್ಸ್ ಮತ್ತು ಅಲೆಕ್ಸ್ ವಿಂಟರ್. ಬರೆದವರೂ ಅದೇ ಇಬ್ಬರು, ಕ್ರಿಸ್ ಮ್ಯಾಥಿಸನ್ ಮತ್ತು ಎಡ್ ಸಾಲಮನ್. ಇನ್ನೊಂದು ಪರೀಕ್ಷೆ, ಇನ್ನೊಂದಷ್ಟು ರಾಜರು ಅಂತ ಸುಲಭವಾಗಿ ಮುಗಿಸಬಹುದಿತ್ತು. ಹಾಸ್ಯ ಸಿನಿಮಾಗಳ ಎರಡನೇ ಭಾಗ ಸಾಮಾನ್ಯವಾಗಿ ಹಾಗೇ ಅಲ್ವಾ? ಅದೇ ಜೋಕು, ಸ್ವಲ್ಪ ಜೋರಾಗಿ. ಇವರು ಮಾಡಿದ್ದೇ ಬೇರೆ. ತಮ್ಮ ನಾಯಕರನ್ನೇ ಕೊಂದುಬಿಟ್ಟರು. ಭವಿಷ್ಯದಿಂದ ಬಂದ, ಥೇಟ್ ಇವರ ಹಾಗೇ ಇರುವ ಎರಡು ರೋಬೋಗಳು ಇವರನ್ನು ಬಂಡೆಯ ಮೇಲಿಂದ ತಳ್ಳುತ್ತವೆ. ಆಮೇಲೆ ಕಥೆ ನಡೆಯುವುದು ಸತ್ತವರದ್ದು.

ಆಗ ಬರುತ್ತಾನೆ ಯಮ. ನಮ್ಮ ಯಮನ ಹಾಗೆ ಕೋಣ ಇಲ್ಲ, ಪಾಶ ಇಲ್ಲ. ಕಪ್ಪು ನಿಲುವಂಗಿ, ಸುಣ್ಣ ಬಳಿದಂಥ ಮುಖ, ಕೈಯಲ್ಲಿ ಉದ್ದ ಹಿಡಿಯ ಕುಡುಗೋಲು. ಇಂಗ್ಮಾರ್ ಬರ್ಗ್‌ಮನ್ನರ 1957ರ ‘ದಿ ಸೆವೆಂತ್ ಸೀಲ್’ನಲ್ಲಿ ಒಬ್ಬ ಯೋಧ ಸಾವಿನ ಜೊತೆ ಚದುರಂಗ ಆಡುತ್ತಾನಲ್ಲ, ಆ ಸಾವಿನ ವೇಷವೇ ಇದು. ಅಲ್ಲಿ ಯೋಧ ಸೋಲುತ್ತಾನೆ. ಇಲ್ಲಿ ಹುಡುಗರು ಚದುರಂಗ ಮುಟ್ಟುವುದೇ ಇಲ್ಲ. ಹಡಗು ಮುಳುಗಿಸುವ ಬ್ಯಾಟಲ್‌ಶಿಪ್ ಆಟ ಹಾಕುತ್ತಾರೆ. ಯಮ ಸೋಲುತ್ತಾನೆ. ಸೋತವನು ಒಪ್ಪಬೇಕಲ್ಲ? ಇಲ್ಲ, ಮೂರರಲ್ಲಿ ಎರಡು ಗೆದ್ದವರು ಅನ್ನುತ್ತಾನೆ. ಮತ್ತೆ ಸೋಲುತ್ತಾನೆ. ಮತ್ತೆ ಇನ್ನೊಂದಾಟ. ಕೊನೆಗೆ ಟ್ವಿಸ್ಟರ್. ನೆಲಕ್ಕೆ ಹಾಸಿದ ಬಣ್ಣದ ಚುಕ್ಕೆಗಳ ಮೇಲೆ ಕೈಕಾಲು ಊರಿಕೊಂಡು, ಅಷ್ಟು ದೊಡ್ಡ ನಿಲುವಂಗಿಯಲ್ಲಿ ಯಮರಾಯ ಬಾಗಿ ನಿಂತಿರುತ್ತಾನೆ.

ಯಮನ ಪಾತ್ರ ಮಾಡಿದ ವಿಲಿಯಂ ಸ್ಯಾಡ್ಲರ್ ಇದನ್ನು ಎಷ್ಟು ಗಂಭೀರವಾಗಿ ಮಾಡಿದ್ದಾರೆ ಅಂದರೆ, ಒಂದು ಸಲವೂ ನಗುವುದಿಲ್ಲ. ಸೋತಾಗ ಆ ಬಿಳಿ ಮುಖ ಮಗುವಿನದರ ಹಾಗೆ ಊದಿಕೊಳ್ಳುತ್ತದೆ. ಇಡೀ ಸಿನಿಮಾ ನನಗೆ ಆ ಮುಖಕ್ಕಾಗಿಯೇ ಬೇಕು.

ನಾನು ಇದನ್ನು ಮೊದಲು ನೋಡಿದ್ದು ಅಜ್ಜಿ ತೀರಿಕೊಂಡ ತಿಂಗಳಲ್ಲಿ. ರಾತ್ರಿ ನನಗೂ ತಂಗಿಗೂ ನಿದ್ದೆ ಬರುತ್ತಿರಲಿಲ್ಲ. ಏನಾದರೂ ಸುಮ್ನೆ ಓಡುತ್ತಿರಲಿ ಅಂತ ಹಾಕಿದ್ದು. ಸಾವಿನ ವಿಷಯ ಇದೆ ಅಂತ ಗೊತ್ತಿದ್ದರೆ ಹಾಕುತ್ತಿರಲಿಲ್ಲ. ಹುಡುಗರು ಬಂಡೆಯಿಂದ ಬಿದ್ದಾಗ ಆಫ್ ಮಾಡೋಣ ಅಂತ ಕೈ ಚಾಚಿದ್ದೆ. ತಂಗಿ "ಇರು ಅಕ್ಕ" ಅಂದಳು.

ಯಮ ಎರಡನೇ ಸಲ ಸೋತು ಮತ್ತೆ ಆಡಬೇಕು ಅಂತ ಹಟ ಹಿಡಿದಾಗ ಅವಳು ಮೆಲ್ಲಗೆ, "ಅಜ್ಜಿ ಥರಾನೇ" ಅಂದಳು. ಹೌದು. ನಮ್ಮಜ್ಜಿ ಹಾವು ಏಣಿ ಆಟದಲ್ಲಿ ಸೋತರೆ ಕವಡೆ ಬಾಚಿಕೊಂಡು "ಇದು ಲೆಕ್ಕಕ್ಕಿಲ್ಲ, ಇನ್ನೊಂದಾಟ" ಅನ್ನುತ್ತಿದ್ದಳು. ಗೆಲ್ಲುವವರೆಗೂ ಬಿಡುತ್ತಿರಲಿಲ್ಲ. ಸಾವಿತ್ರಿ ಮಾತಲ್ಲೇ ಯಮನನ್ನು ಸೋಲಿಸಿದ ಕಥೆ ಹೇಳಿದವಳೂ ಅವಳೇ. ಆ ರಾತ್ರಿ ನಾವಿಬ್ಬರೂ ಅತ್ತೆವು, ನಕ್ಕೆವು, ಯಾವುದು ಮೊದಲು ಅಂತ ನೆನಪಿಲ್ಲ.

ಸಿನಿಮಾದಲ್ಲಿ ಕೊರತೆ ಇಲ್ಲ ಅಂತಲ್ಲ. ಕೊನೆಯ ಭಾಗ ಅವಸರದಲ್ಲಿ ಮುಗಿಯುತ್ತದೆ. ಹುಡುಗರ ಗೆಳತಿಯರಿಗೆ ಅಪಹರಣ ಆಗುವುದು ಬಿಟ್ಟರೆ ಜಾಸ್ತಿ ಕೆಲಸವೇ ಇಲ್ಲ, ಅದು ನನಗೆ ಬೇಜಾರು. ಆದರೆ ಸೋತ ಯಮ ಇವರ ಜೊತೆಯಲ್ಲೇ ಉಳಿಯುತ್ತಾನೆ. ರೋಬೋ ಕಟ್ಟಲು ಸಾಮಾನು ಕೊಳ್ಳುವಾಗ ಅಂಗಡಿಗೂ ಹಿಂದೆಯೇ ಬರುತ್ತಾನೆ. ಅಲ್ಲಿ ಸಿಗರೇಟು ಸೇದುವವನೊಬ್ಬನಿಗೆ, ಬೇಗ ಸಿಗೋಣ ಅನ್ನುತ್ತಾನೆ. ಕೊನೆಗೆ ಇವರ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಾನೆ. 2020ರಲ್ಲಿ ಮೂರನೇ ಸಿನಿಮಾ ಬಂದಾಗ ಸ್ಯಾಡ್ಲರ್ ಮತ್ತೆ ಅದೇ ನಿಲುವಂಗಿ ಹಾಕಿಕೊಂಡು ಬಂದರು. ಆಗ ತಂಗಿ ದೂರದಲ್ಲಿದ್ದಳು. ಫೋನಿನಲ್ಲಿ "ಬಂದ್ನಾ?" ಅಂತ ಕೇಳಿದಳು. "ಬಂದ" ಅಂದೆ.