ಈಗ ಪೂರ್ತಿ ಗುಣ ಆಯ್ತಲ್ವಾ ಟೀಚರ್?

ಬದಿಯಡ್ಕ ಪೇಟೆಗೆ ಹೋದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ‘ಈಗ ಪೂರ್ತಿ ಗುಣ ಆಯ್ತಲ್ವಾ ಟೀಚರ್?’ ಬಸ್ಸಿನ ಕಂಡಕ್ಟರ್ ಮಲಯಾಳದಲ್ಲಿ ಕೇಳುತ್ತಾರೆ, ‘ಎಲ್ಲಾಂ ಶರಿಯಾಯಿಲ್ಲೇ ಟೀಚರೇ?’ ಪ್ರೀತಿಯಿಂದ ಕೇಳುವ ಮಾತು. ನಾನೂ ‘ಹೌದು, ಹೌದು’ ಅಂದುಬಿಡುತ್ತೇನೆ. ಆದರೆ ಅದು ನಿಜ ಅಲ್ಲ. ಮಿದುಳಿಗೆ ಬಿದ್ದ ಪೆಟ್ಟು ಪೂರ್ತಿ ಗುಣ ಆಗಿಲ್ಲ. ನಿಜ ಹೇಳುವುದಕ್ಕೆ ಸ್ವಲ್ಪ ಸಮಯ ಬೇಕು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಜೂನ್ ತಿಂಗಳು. ಶಾಲೆ ಬಿಟ್ಟು ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದೆ. ಇಳಿಜಾರಿನಲ್ಲಿ ಕೆಸರು, ಚಕ್ರ ಜಾರಿತು. ಹೆಲ್ಮೆಟ್ ಇತ್ತು, ಗಲ್ಲದ ಪಟ್ಟಿ ಹಾಕಿರಲಿಲ್ಲ. ಹೆಲ್ಮೆಟ್ ಒಂದು ಕಡೆ ಹೋಯಿತು, ತಲೆ ರಸ್ತೆಗೆ ಬಡಿಯಿತು. ಇದೆಲ್ಲ ಬೇರೆಯವರು ಹೇಳಿ ಗೊತ್ತು. ಮಂಗಳೂರಿಗೆ ಒಯ್ದದ್ದು, ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ತೆಗೆದದ್ದು, ನಾನು ಎದ್ದು ಕೂತು ಬಂದವರ ಹತ್ತಿರ ಮಾತಾಡಿದ್ದು, ಯಾವುದೂ ನೆನಪಿಲ್ಲ. ಮಿದುಳಿಗೆ ಜೋರು ಪೆಟ್ಟು ಬಿದ್ದರೆ ಹೊಸ ನೆನಪು ಕೂಡಿಡುವ ಕೆಲಸ ಕೆಲವು ದಿನ, ಕೆಲವರಿಗೆ ವಾರಗಟ್ಟಲೆ ನಿಂತೇ ಹೋಗುತ್ತದೆ. ಕೂಡಿಡದ್ದನ್ನು ನೆನಪು ಮಾಡಿಕೊಳ್ಳುವುದು ಹೇಗೆ? ನನ್ನ ಮೂರು ವಾರ ಹಾಗೆ ಹೋಯಿತು.

ಮಾತು ಬಂತು, ಆದರೆ ಕಲಸಿಹೋಗಿ ಬಂತು. ನಮ್ಮದು ಕಾಸರಗೋಡು ಅಲ್ವಾ, ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಕಚೇರಿಗೆ ಹೋದರೆ ಮಲಯಾಳ. ಯಾವುದನ್ನು ಎಲ್ಲಿ ಆಡಬೇಕು ಅಂತ ಮೊದಲು ಯೋಚನೆಯೇ ಮಾಡುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಕಪಾಟಿನ ಮುಂದೆ ನಿಂತು ಅತ್ತೆಯ ಹತ್ತಿರ ‘ತಾಕ್ಕೋಲ್ ಎಲ್ಲಿ?’ ಅಂದೆ. ಬೀಗದ ಕೈ ಅನ್ನುವ ಪದ ಎಷ್ಟು ತಡಕಾಡಿದರೂ ಸಿಗಲಿಲ್ಲ. ಹುಟ್ಟಿದಂದಿನಿಂದ ಆಡಿದ ಪದ ಹೋಗಿ, ಪೇಟೆಯಲ್ಲಿ ಕಲಿತ ಮಲಯಾಳದ ಪದ ಬಂದಿತ್ತು. ರಿಬೋ ಅಂತ ಒಬ್ಬ ಫ್ರೆಂಚ್ ಪಂಡಿತ, ಮೊದಲು ಕಲಿತ ಭಾಷೆಯೇ ಮೊದಲು ವಾಪಸ್ ಬರುತ್ತದೆ ಅಂದಿದ್ದನಂತೆ. 1895ರಲ್ಲಿ ಪಿತ್ರ್ ಎಂಬ ವೈದ್ಯ, ಅಲ್ಲ, ಜಾಸ್ತಿ ಬಳಸುತ್ತಿದ್ದದ್ದು ಬರುತ್ತದೆ ಅಂದ. ಎಲ್ಲರಿಗೂ ಒಂದೇ ಲೆಕ್ಕ ಇಲ್ಲ ಅಂತ ಆಮೇಲೆ ಗೊತ್ತಾಯಿತು. ನನಗಂತೂ ನಾಲ್ಕೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಈಗ ಬಹಳ ಸುಧಾರಿಸಿದೆ. ಸುಸ್ತಾದ ದಿನ ಮಾತ್ರ ಪದ ತಪ್ಪಿಸಿಕೊಳ್ಳುತ್ತದೆ. ಆಗ ಎದುರಿನವರು ಪದ ಎತ್ತಿಕೊಡುವುದು ಬೇಡ, ಸ್ವಲ್ಪ ಕಾದರೆ ಸಾಕು.

ವಾಸನೆ ಮಾತ್ರ ಬರಲೇ ಇಲ್ಲ. ಮೂಗಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ಜರಡಿಯಂಥ ತೆಳ್ಳನೆಯ ಎಲುಬಿನ ತೂತುಗಳಲ್ಲಿ ಹಾದುಹೋಗುತ್ತವೆ. ಮಿದುಳು ಒಮ್ಮೆ ಜೋರಾಗಿ ಅಲುಗಿದರೆ ಆ ಎಳೆಗಳು ಹರಿದು ತುಂಡಾಗಬಹುದು. ಹಿತ್ತಲಲ್ಲಿ ಹಲಸು ಹಣ್ಣಾದದ್ದು ಮನೆಗೆಲ್ಲ ಗೊತ್ತು, ನನಗೆ ಇಲ್ಲ. ಸಾರಿನ ಒಗ್ಗರಣೆ ಕರಟಿದರೆ ಕಣ್ಣಿಗೆ ಕಂಡ ಮೇಲೆಯೇ ತಿಳಿಯುವುದು. ನಾಲಗೆಗೆ ಉಪ್ಪು, ಹುಳಿ, ಖಾರ ಗೊತ್ತಾಗುತ್ತದೆ. ಆದರೆ ಕೊತ್ತಂಬರಿಗೂ ಕರಿಬೇವಿಗೂ ವ್ಯತ್ಯಾಸ ಇಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಜನರಿಗೆ ಗೊತ್ತಾಗಲಿ ಅಂತ ಅದಕ್ಕೆ ವಾಸನೆ ಬೆರೆಸುತ್ತಾರೆ. ಆ ಎಚ್ಚರಿಕೆ ನನಗೆ ತಲುಪುವುದಿಲ್ಲ. ಹಾಗಾಗಿ ರಾತ್ರಿ ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರನ್ನು ಕೈಯಲ್ಲಿ ಮುಟ್ಟಿ, ಬಾಯಲ್ಲಿ ‘ಬಂದ್’ ಅಂತ ಹೇಳಿಯೇ ಹೊರಡುತ್ತೇನೆ. ಮುಟ್ಟದೆ ಹೋದರೆ ನಿದ್ದೆ ಬರುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಸುಸ್ತು. ಕೆಲಸ ಮಾಡಿ ಮೈ ದಣಿದರೆ ಒಂದು ಲೋಟ ಮಜ್ಜಿಗೆ ಕುಡಿದು ಕೂತರೆ ಹೋಗುತ್ತದೆ. ಇದು ಹಾಗಲ್ಲ. ಮದುವೆ ಮನೆಯಲ್ಲಿ ಮೈಕ್, ವಾದ್ಯ, ಊಟದ ಪಂಕ್ತಿಯ ಗದ್ದಲ, ಪಕ್ಕದವರ ಮಾತು. ಮೊದಲು ಬೇಡದ ಸದ್ದನ್ನೆಲ್ಲ ಮಿದುಳು ತಾನಾಗಿ ಹಿಂದಕ್ಕೆ ತಳ್ಳುತ್ತಿತ್ತು. ಈಗ ಎಲ್ಲವೂ ಒಂದೇ ಜೋರಿನಲ್ಲಿ ಒಳಗೆ ನುಗ್ಗುತ್ತದೆ. ಅರ್ಧ ಗಂಟೆಯಲ್ಲಿ ಕಣ್ಣು ಮಂಜಾಗಿ, ಯಾರು ಏನು ಹೇಳಿದರು ಅಂತಲೇ ತಿಳಿಯದ ಹಾಗೆ ಆಗುತ್ತದೆ. ಮರುದಿನವೂ ಮಲಗಿರಬೇಕು. ಊಟ ಬಡಿಸುವ ಮೊದಲೇ ಎದ್ದು ಹೋದದ್ದಕ್ಕೆ ಕೆಲವರು ಬೇಜಾರು ಮಾಡಿಕೊಂಡಿದ್ದಾರೆ. ತಲೆಯ ಗಾಯದ ಮೇಲೆ ಕೂದಲು ಬೆಳೆದಿದೆ, ನಡಿಗೆ ಸರಿ ಇದೆ, ನೋಡುವವರಿಗೆ ಗೊತ್ತಾಗುವುದಾದರೂ ಹೇಗೆ? ಶಾಲೆ ಬಿಟ್ಟದ್ದೂ ಇದೇ ಕಾರಣಕ್ಕೆ. ಪಾಠ ನೆನಪಿತ್ತು. ಮೂವತ್ತು ಮಕ್ಕಳು ಒಟ್ಟಿಗೆ ಮಾತಾಡುವ ಕೋಣೆಯಲ್ಲಿ ನಿಲ್ಲಲು ಆಗಲಿಲ್ಲ. ಮನೆಯ ಜಗಲಿಯಲ್ಲಿ ಇಬ್ಬರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ, ಒಬ್ಬರಾದ ಮೇಲೆ ಒಬ್ಬರಿಗೆ.

ಮಿದುಳಿನ ಪೆಟ್ಟು ಅಂದರೆ ಎಲ್ಲರೂ ಫಿನಿಯಸ್ ಗೇಜ್‌ನ ಕಥೆ ಹೇಳುತ್ತಾರೆ. 1848ರಲ್ಲಿ ಅಮೆರಿಕದಲ್ಲಿ ರೈಲುದಾರಿಗೆ ಬಂಡೆ ಒಡೆಸುವಾಗ ಕಬ್ಬಿಣದ ಸಲಾಕೆ ತಲೆ ತೂರಿಹೋದರೂ ಬದುಕಿ, ಆಮೇಲೆ ಸಿಟ್ಟಿನ ಮನುಷ್ಯನಾದ ಅಂತ. ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ನನಗೆ ಇಷ್ಟ ಇಲ್ಲ. ಅದೇ ಮನುಷ್ಯ ಮುಂದೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಗೊತ್ತಿರುವ ದಾರಿ, ದಿನವೂ ಅದೇ ಹೊತ್ತು, ಅದೇ ಕ್ರಮ. ಅವನನ್ನು ಅದೇ ಕಾಪಾಡಿತು ಅಂತ ನನಗನಿಸುತ್ತದೆ. ನನಗೂ ಸಿಟ್ಟು ಬರುತ್ತದೆ. ಮಗಳ ಮೇಲೆ ಸುಮ್ನೆ ರೇಗಿ, ಆಮೇಲೆ ಅತ್ತದ್ದಿದೆ. ಹಣೆಯ ಹಿಂದಿನ ಮಿದುಳಿಗೇ ಸಿಟ್ಟು ತಡೆಯುವ ಕೆಲಸ, ನನ್ನ ಪೆಟ್ಟೂ ಅಲ್ಲಿಯೇ. ಮಗಳಿಗೆ ಕಾರಣ ಹೇಳಿದ್ದೇನೆ, ಆದರೂ ಅವಳ ಹತ್ತಿರ ಕ್ಷಮೆ ಕೇಳುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ಒಂದು ಮುಖ್ಯ ಕೆಲಸ, ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಒಂದು ಗಂಟೆ, ಎಲ್ಲವೂ ಸಣ್ಣ ನೋಟುಪುಸ್ತಕದಲ್ಲಿ ಬರೆದಿರುತ್ತದೆ. ಫಿಟ್ಸ್ ಮಾತ್ರೆ ನುಂಗಿದ ಕೂಡಲೇ ಅದರಲ್ಲಿ ಗೀಟು ಹಾಕುತ್ತೇನೆ.

ಆರು ತಿಂಗಳ ಒಳಗೆ ಆದಷ್ಟೇ, ಮತ್ತೆ ಇಲ್ಲ ಅಂತ ಹೇಳಿ ನನ್ನನ್ನು ಹೆದರಿಸಿದವರಿದ್ದಾರೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ಬೇಗ ಆಗುತ್ತದೆ, ಅದು ಹೌದು. ಆಮೇಲೆ ನಿಧಾನ, ಆದರೆ ಅಲ್ಲಿಗೇ ನಿಲ್ಲಬೇಕು ಅಂತ ಇಲ್ಲ. ಮೊನ್ನೆ ಮಾರ್ಚಿನಲ್ಲಿ ಗದ್ದೆಯ ಆಚೆ ಬಯಲಾಟ ಇತ್ತು. ಮೊದಲಾದರೆ ಬೆಳಗಿನವರೆಗೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ಹೋದ ವರ್ಷ ಚೆಂಡೆಗೆ ಕಿಟಕಿ ಮುಚ್ಚಿ ಮಲಗಿದ್ದೆ. ಈ ಸಲ ಜಗಲಿಯಲ್ಲಿ ಕುರ್ಚಿ ಹಾಕಿ ಕೂತೆ. ಗದ್ದೆ ದಾಟಿ ಬರುವಾಗ ಚೆಂಡೆ ಮೆತ್ತಗಾಗಿರುತ್ತದೆ, ಭಾಗವತರ ಪದ ಬಿಡಿಬಿಡಿಯಾಗಿ ಕೇಳುತ್ತದೆ. ತೋಟದ ಕೆಲಸಕ್ಕೆ ಬರುವ ಕಮಲಕ್ಕ ಆಟಕ್ಕೆ ಹೋಗುವವರು ನನ್ನನ್ನು ಕಂಡು ಅಂಗಳದಲ್ಲಿ ನಿಂತರು. ‘ಇತ್ತೆ ಎಂಚ ಉಲ್ಲರ್ ಟೀಚರೆ?’ ಈಗ ಹೇಗಿದ್ದೀರಿ ಅಂತ ಅಷ್ಟೇ. ಅದಕ್ಕೆ ಸುಳ್ಳು ಹೇಳಬೇಕಾಗಲಿಲ್ಲ. ಇವತ್ತು ಒಳ್ಳೆದಿದ್ದೇನೆ, ಅರ್ಧ ಗಂಟೆ ಕೇಳಿ ಮಲಗುತ್ತೇನೆ ಅಂದೆ. ಅವರು ಟಾರ್ಚ್ ಹಿಡಿದು ಗದ್ದೆಯ ಬದುವಿಗೆ ಇಳಿದರು. ನಾನು ಮುಕ್ಕಾಲು ಗಂಟೆ ಕೂತಿದ್ದೆ.