ಹೃದಯಾಘಾತದ ರಕ್ತದಲ್ಲಿ ಮೈಕ್ರೋಆರ್‌ಎನ್‌ಎ ಅಳೆಯುವ ಮುನ್ನ

ಪ್ರೋಟೀನ್ ತಯಾರಿಸದ ಆರ್‌ಎನ್‌ಎಗಳಲ್ಲಿ ಹೃದಯತಜ್ಞರು ಹೆಚ್ಚು ಬೆನ್ನುಹತ್ತಿರುವುದು ಮೈಕ್ರೋಆರ್‌ಎನ್‌ಎಗಳನ್ನು. ಸುಮಾರು 22 ನ್ಯೂಕ್ಲಿಯೋಟೈಡ್ ಉದ್ದದ ಈ ತುಣುಕುಗಳು ಪ್ರೋಟೀನ್ ತಯಾರಿಕೆಯ ಸಂದೇಶ ಒಯ್ಯುವ ಎಂಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತವೆ. ಹೃದಯದ ಸ್ನಾಯುಕೋಶ ಸತ್ತರೆ ಮಿರ್-1, ಮಿರ್-133, ಮಿರ್-208ಎ, ಮಿರ್-499 ಎಂಬ ಮೈಕ್ರೋಆರ್‌ಎನ್‌ಎಗಳು ರಕ್ತಕ್ಕೆ ಸೋರುತ್ತವೆ. ಮಿರ್-1 ಮತ್ತು 133 ಕೈಕಾಲಿನ ಸ್ನಾಯುವಿನಲ್ಲೂ ಧಾರಾಳವಾಗಿವೆ. ಮಿರ್-208ಎ ಹೆಚ್ಚುಕಡಿಮೆ ಹೃದಯದ್ದೇ ಆದರೂ ರಕ್ತದಲ್ಲಿ ಅದರ ಪ್ರಮಾಣ ತೀರಾ ಕಡಿಮೆ. ಹಾಗಾಗಿ ರೋಗನಿರ್ಣಯಕ್ಕೆ ಇವತ್ತಿಗೂ ಹೃದಯ ಸ್ನಾಯುವಿನ ಪ್ರೋಟೀನ್ ಆದ ಟ್ರೋಪೋನಿನ್ನೇ ಗಟ್ಟಿ.

ಸಂಶೋಧನೆಗೆ ಅಳೆಯುವವರನ್ನು ಮೊದಲು ಕಾಡುವುದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಹೆಪಾರಿನ್. ಆಂಜಿಯೋಪ್ಲಾಸ್ಟಿಗೆ ಕೊಟ್ಟ ಹೆಪಾರಿನ್ ಆರ್‌ಎನ್‌ಎ ಜತೆಗೇ ಉಳಿದುಕೊಂಡು ಅಳತೆಗೆ ಬಳಸುವ ಪಿಸಿಆರ್ ಪರೀಕ್ಷೆಯ ಕಿಣ್ವಗಳನ್ನು ತಡೆಯುತ್ತದೆ. ಆಗ ಮೈಕ್ರೋಆರ್‌ಎನ್‌ಎ ‘ಇಳಿದಂತೆ’ ಕಾಣುತ್ತದೆ. ಅದನ್ನು ರೋಗದ ಲಕ್ಷಣವೆಂದು ಬರೆದುಬಿಡುವ ಅಪಾಯ ನಿಜಕ್ಕೂ ದೊಡ್ಡದು. ಇದನ್ನು ಪತ್ತೆಹಚ್ಚಲು ಮನುಷ್ಯರಲ್ಲಿಲ್ಲದ, ಸಿ. ಎಲೆಗನ್ಸ್ ಹುಳುವಿನ ಮಿರ್-39 ಅನ್ನು ಎಲ್ಲ ಮಾದರಿಗಳಿಗೂ ಒಂದೇ ಪ್ರಮಾಣದಲ್ಲಿ ಸೇರಿಸಿ. ಕಿಣ್ವಗಳನ್ನು ನಿಷ್ಕ್ರಿಯಗೊಳಿಸುವ ಲೈಸಿಸ್ ದ್ರಾವಣ ಬೆರೆಸಿದ ಮೇಲೆಯೇ ಸೇರಿಸಬೇಕು, ಇಲ್ಲವಾದರೆ ಪ್ಲಾಸ್ಮಾದ (ರಕ್ತದ ದ್ರವಭಾಗದ) ಆರ್‌ಎನ್‌ಏಸ್ ಕಿಣ್ವ ಅದನ್ನು ಕ್ಷಣಾರ್ಧದಲ್ಲಿ ಕತ್ತರಿಸಿಹಾಕುತ್ತದೆ. ಇದರ ಸಿಕ್ಯೂ ಮೌಲ್ಯವೂ (ಎಷ್ಟನೇ ಪಿಸಿಆರ್ ಸುತ್ತಿನಲ್ಲಿ ಸಂಕೇತ ಕಂಡಿತು ಎಂಬ ಸಂಖ್ಯೆ; ಹೆಚ್ಚಿದ್ದಷ್ಟೂ ಆರ್‌ಎನ್‌ಎ ಕಡಿಮೆ ಎಂದರ್ಥ) ಏರಿದ್ದರೆ ಹೆಪಾರಿನ್ ಮೇಲೆ ಅನುಮಾನ ಪಡಿ. ಹೆಪಾರಿನ್ ಒಡೆಯುವ ಕಿಣ್ವ ಹೆಪಾರಿನೇಸ್‌ನಿಂದ ಸರಿಪಡಿಸಬಹುದು, ಹೆಪಾರಿನ್ ಕೊಡುವ ಮೊದಲೇ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ರಾಸಾಯನಿಕ) ಇರುವ ಟ್ಯೂಬಿಗೆ ರಕ್ತ ತೆಗೆಯುವುದು ಅದಕ್ಕಿಂತ ಮೇಲು.

ಕೆಂಪುಕಣ ಒಡೆದಿದ್ದರೆ ಅವುಗಳೊಳಗಿನ ಮಿರ್-451, ಮಿರ್-16 ಪ್ಲಾಸ್ಮಾಕ್ಕೆ ಸುರಿಯುತ್ತವೆ. ಕಣ ಒಡೆದರೂ ಹೆಚ್ಚು ಬದಲಾಗದ ಮಿರ್-23ಎಯ ಸಿಕ್ಯೂನಿಂದ ಮಿರ್-451ರದ್ದನ್ನು ಕಳೆಯಿರಿ: ವ್ಯತ್ಯಾಸ 7 ದಾಟಿದರೆ ಆ ಮಾದರಿ ಬಿಡುವುದೇ ಲೇಸು. ಪ್ಲೇಟ್‌ಲೆಟ್ ಉಳಿಯದಂತೆ ಫ್ರೀಜ್ ಮಾಡುವ ಮುನ್ನವೇ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ, ಬಿಳಿಕಣಗಳ ಪದರದ ಮೇಲೆ ಸ್ವಲ್ಪ ಪ್ಲಾಸ್ಮಾ ಬಿಟ್ಟೇ ಹೀರಿ. ಹೆಪ್ಪುಗಟ್ಟಿಸಿ ಕರಗಿಸಿದರೆ ಪ್ಲೇಟ್‌ಲೆಟ್ ಒಡೆಯುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಮೈಕ್ರೋಆರ್‌ಎನ್‌ಎಯನ್ನೇ ಚಿಕಿತ್ಸೆಗೆ ಬಳಸುವಾಗ ಪ್ರಶ್ನೆ ಬೇರೆ: ಔಷಧಿ ಎಷ್ಟು ದಿನ ಕೆಲಸ ಮಾಡಬೇಕು? 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತಕ್ಕೊಳಗಾದ ಹಂದಿಗಳಿಗೆ ಜೀನ್ ಸಾಗಿಸುವ ಎಎವಿ6 ವೈರಸ್ ಮೂಲಕ, ಹೃದಯಕೋಶಗಳ ವಿಭಜನೆಗೆ ಪ್ರಚೋದಿಸುವ ಮಿರ್-199ಎ ಕೊಟ್ಟರು. ಒಂದು ತಿಂಗಳಲ್ಲಿ ಗಾಯದ ಕಲೆ ಕುಗ್ಗಿತು, ಸಂಕೋಚನ ಸುಧಾರಿಸಿತು. ಆದರೆ ವೈರಸ್ ಒಯ್ದ ಜೀನ್ ಕೆಲಸ ನಿಲ್ಲಿಸಲಿಲ್ಲ; ಚಿಕಿತ್ಸೆ ಪಡೆದ ಬಹುಪಾಲು ಹಂದಿಗಳು ಮುಂದೆ ಹೃದಯಬಡಿತದ ಲಯ ತಪ್ಪಿ ಹಠಾತ್ತನೆ ಸತ್ತವು. ಸಿಡಿಆರ್132ಎಲ್ ಎಂಬ ಪ್ರಾಯೋಗಿಕ ಔಷಧಿಯ ದಾರಿ ಬೇರೆ. ಅದು ಹೃದಯ ದಪ್ಪಗಾಗಲು ಕುಮ್ಮಕ್ಕು ಕೊಡುವ ಮಿರ್-132ಕ್ಕೆ ಅಂಟಿಕೊಂಡು ತಡೆಯುವ, ಕ್ರಮೇಣ ದೇಹದಿಂದ ಹೊರಹೋಗುವ ಕೃತಕ ತುಣುಕು. ಮುಂದಿನ ಡೋಸ್ ಕೊಡದೆ ನಿಲ್ಲಿಸಬಹುದು. ಹೃದಯ ವೈಫಲ್ಯದ ರೋಗಿಗಳಲ್ಲಿ ಅದರ ಪರೀಕ್ಷೆ ಆರಂಭವಾಗಿರುವುದು ನನಗೆ ಭರವಸೆ ತಂದಿದೆ.